ಪುಸ್ತಕದಮ್ಮ ಬರೆಯದೆ ಬಿಟ್ಟದ್ದು

ಅವರಿಗೆ ಬಲಗಾಲು ಮಡಿಸಲು ಆಗುತ್ತಿರಲಿಲ್ಲ. ಚಾಪೆಯ ಮೇಲೆ ಕೂತರೆ ಆ ಕಾಲನ್ನು ಉದ್ದಕ್ಕೆ ಚಾಚಿ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಿದ್ದರು. ಶಿಕಾರಿಪುರದ ನಮ್ಮ ಓಣಿಗೆ ಅವರು ಪುಸ್ತಕದಮ್ಮ. ಕಲಾಯಿಯವರು, ಬಳೆಗಾರರು, ಹತ್ತಿ ಹಿಂಜುವ ನಮ್ಮಂಥವರು, ಹೀಗೆ ಬೇರೆ ಕಡೆಯಿಂದ ಬಂದು ಈ ಸೀಮೆಯಲ್ಲಿ ನೆಲೆನಿಂತವರ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಐವತ್ತರ ದಶಕದ ಕೊನೆಯ ಮಾತು. ನಾನು ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ.

ಎಲ್ಲಿಂದ ಬಂದಿರಿ ಎಂದು ಅವರು ಯಾರನ್ನೂ ಮೊದಲಿಗೇ ಕೇಳುತ್ತಿರಲಿಲ್ಲ. "ಬರೋವಾಗ ಏನು ಹೊತ್ಕೊಂಡು ಬಂದ್ರಿ?" ಎನ್ನುತ್ತಿದ್ದರು. ನನ್ನ ಜೊತೆಗೂ ಹೆಚ್ಚು ಮಾತಾಡದ ಅತ್ತೆ ಆ ಪ್ರಶ್ನೆಗೆ ಬಾಯಿಬಿಟ್ಟರು.

"ತಂಗೀನ್ನ ಹೊತ್ಕೊಂಡು ಬಂದೆ ರೀ. ಪ್ಲೇಗಿನ ವರ್ಷ. ದಾರಿಯಾಗೆ ಅದಕ್ಕೆ ಜ್ವರ ಬಂತು. ನಮ್ಮವ್ವ ಯಾವ್ದೋ ಊರಾಗೆ ಒಬ್ಬ ಗೌಡ್ತಿ ಕೈಗೆ ಕೊಟ್ಲು, ವಾಪಸ್ ಬರ್ತೀನಿ ಅಂತ. ಅವ್ವನೇ ಉಳೀಲಿಲ್ಲ. ಊರಿನ ಹೆಸ್ರು ನಂಗೊತ್ತಿಲ್ಲ."

ಆ ಮಗುವಿನ ಎಡಗೈ ಕಿರುಬೆರಳು, ಹತ್ತಿ ಹಿಂಜುವ ಬಿಲ್ಲಿನ ಕೊಡತಿ ಬಿದ್ದು ಜಜ್ಜಿಹೋಗಿತ್ತಂತೆ.

ತಿಂಗಳುಗಳ ನಂತರ ಸೊರಬದ ಕಡೆಯ ಒಂದು ಹಳ್ಳಿಯಲ್ಲಿ ರೈತರ ಮನೆಯ ಮುದುಕಿಯೊಬ್ಬರು ಪುಸ್ತಕದಮ್ಮನಿಗೆ ಎರಡೂ ಕೈಯಲ್ಲಿ ನೀರಿನ ಚೊಂಬು ಚಾಚಿದರು. ಜಜ್ಜಿದ ಕಿರುಬೆರಳು ಕಂಡಿತು. ವಿಚಾರಿಸಿದರೆ, "ನಾನು ಹತ್ತಿಯೋರು ಬಿಟ್ಟುಹೋದ ಕೂಸಂತೆ" ಎಂದರಂತೆ. ಮರುದಿನವೇ ಪುಸ್ತಕದಮ್ಮ ಬಂದು ನಮ್ಮಿಬ್ಬರನ್ನೂ ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ದರು.

ಅತ್ತೆ ಆ ಕೈ ಹಿಡಿದು ಕೇಳಿದರು: "ನಾನು ನೆನಪಿದ್ದೀನೇನೇ?"

"ಇಲ್ಲ ಕಣಕ್ಕ. ಯಾರೋ ಎತ್ಕೊಂಡು ನಡೀತಿದ್ರು, ಅಷ್ಟೇ ನೆನಪು."

"ಅದು ನಾನೇ."

ಹೊರಡುವಾಗ ಆ ಮುದುಕಿಯ ಮಗ ಅಂಗಳದವರೆಗೂ ಬಂದ. "ಅಮ್ಮಾ, ಮಗಳಿಗೆ ಗಂಡು ಗೊತ್ತಾಗಿದೆ. ನಮ್ಮವ್ವ ಸಾಬರ ಕೂಸು ಅಂತ ಪುಸ್ತಕದಲ್ಲಿ ಬಂದ್ರೆ ಸಂಬಂಧ ಮುರೀತದೆ." ಅತ್ತೆ ಹೇಳಿದ ಕಥೆ, ಆ ಕಿರುಬೆರಳಿನ ಗುರುತಿನ ಸಮೇತ, ಆಗಲೇ ಶಿವಮೊಗ್ಗದ ಅಚ್ಚಿನ ಮನೆ ಸೇರಿತ್ತು. ಪುಸ್ತಕದಮ್ಮ, "ಬರೋದಿಲ್ಲ ಬಿಡಪ್ಪ" ಎಂದರು.

ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಅವ್ರಿಗೆ ನಾಚಿಕೆ ಅಂತ ನಾವ್ಯಾಕ್ರೀ ಬಾಯಿ ಮುಚ್ಕೋಬೇಕು?"

"ನಿನ್ನ ಸಿಟ್ಟು ಸರಿನಮ್ಮ. ಆದ್ರೆ ನಾನು ಬರೆದ್ರೆ ಆ ಮನೆ ಬಾಗಿಲು ಮುಚ್ಚುತ್ತೆ. ನಿಮ್ಮತ್ತೆ ಮತ್ತೆ ಹೋಗೋದು ಹೇಗೆ?"

ಶಿವಮೊಗ್ಗಕ್ಕೆ ಹೋಗಿ ಆ ಅಧ್ಯಾಯವನ್ನು ವಾಪಸ್ ತಂದರು. ಪುಸ್ತಕ ಅದಿಲ್ಲದೆಯೇ ಬಂತು. ಅಕ್ಕ ತಂಗಿ ಮಾತ್ರ ಸುಗ್ಗಿ ಮುಗಿದಾಗೆಲ್ಲ ಒಬ್ಬರ ಮನೆಗೊಬ್ಬರು ಹೋಗಿ ವಾರಗಟ್ಟಲೆ ಇರುತ್ತಿದ್ದರು. ನೆರೆಹೊರೆಗೆ ಅವರು ಹಳೆಯ ಗೆಳತಿಯರು.

ಇಬ್ಬರ ಕಾಲ ಮುಗಿದ ಮೇಲೆ ಬರೆಯುತ್ತೇನೆ ಎಂದಿದ್ದ ಪುಸ್ತಕದಮ್ಮ ಅವರಿಗಿಂತ ಮೊದಲೇ ಹೋದರು. ಸುದ್ದಿ ಬಂದ ದಿನ ಅಕ್ಕ ತಂಗಿ ನಮ್ಮ ಮನೆಯಲ್ಲೇ ಇದ್ದರು. ಇಬ್ಬರೂ ಆವತ್ತು ಊಟ ಮಾಡಲಿಲ್ಲ. ಸಂಜೆ ಅತ್ತೆ ನನ್ನನ್ನು ಕರೆದು, "ಇನ್ನು ನೀನೇ ಬರೀಬೇಕು" ಎಂದರು.

ಈಗ ಆ ಇಬ್ಬರೂ ಇಲ್ಲ. ಬರೆದಿದ್ದೇನೆ. ಹಳ್ಳಿಯ ಹೆಸರನ್ನು ಮಾತ್ರ ಹಾಕಿಲ್ಲ. ಅಲ್ಲಿ ಮೊಮ್ಮಕ್ಕಳ ಮಕ್ಕಳಿದ್ದಾರೆ, ನಾವು ಇಂದಿಗೂ ಹೋಗಿಬಂದು ಮಾಡುತ್ತೇವೆ.