ಪುಟ್ಟಸ್ವಾಮಿ ಹೊಲಿದ ಹಸಿರು ಅಂಗಿ

ತಾಳವಾಡಿಯ ದರ್ಜಿ ಪುಟ್ಟಸ್ವಾಮಿ ಕಾಡುಗಳ್ಳರಿಗೆ ಹಸಿರು ಬಟ್ಟೆ ಹೊಲಿದುಕೊಡುತ್ತಿದ್ದನೆಂದು ಹೇಳುವ ನಾಲಿಗೆಗಳು ಇಂದಿಗೂ ಇವೆ. ಅದು ಅಪ್ಪಟ ಸುಳ್ಳು. ಅವನು ತನ್ನ ಆಯುಸ್ಸಿನಲ್ಲಿ ಹೊಲಿದ ಹಸಿರು ಅಂಗಿ ಒಂದೇ ಒಂದು; ಅದೂ ಟಿ.ವಿ.ಯ ನಗೆಕಾರ್ಯಕ್ರಮಕ್ಕೆ.

ಸತ್ಯಮಂಗಲದ ಒಂದು ಕೇಬಲ್ ವಾಹಿನಿಯಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಕನ್ನಡ ಹಾಡು, ಮಿಮಿಕ್ರಿ, ಕಿರುಪ್ರಹಸನ ಬರುತ್ತಿದ್ದವು. ಮೂರನೆಯ ವಾರ ಪುಟ್ಟಸ್ವಾಮಿ ಸೊಸೆಯನ್ನು ಬೈಯುವ ಅತ್ತೆಯಾಗಿದ್ದ. ಆರನೆಯ ವಾರಕ್ಕೆ ಕಾಡುಗಳ್ಳನ ಪಾತ್ರ. "ಹರಕಲು ಅಂಗಿ ಸಾಕು" ಎಂದು ವಾಹಿನಿಯವರು ಹೇಳಿ ಕಳಿಸಿದ್ದರು. ಆದರೆ ಕೆಟ್ಟದಾಗಿ ಹೊಲಿಯುವುದು ಅವನ ಕೈಗೆ ಬಾರದು. ಜೋಡಿ ಹೊಲಿಗೆ, ನಾಲ್ಕು ಜೇಬು, ಭುಜಕ್ಕೆ ಪಟ್ಟಿ, ಎಲ್ಲವೂ ಅಚ್ಚುಕಟ್ಟು.

2002ರ ಜುಲೈ 11, ಗುರುವಾರ ಬೆಳಿಗ್ಗೆ ಅವನು ಹತ್ತಿದ್ದ ಸತ್ಯಮಂಗಲದ ಬಸ್ಸನ್ನು ಹಾಸನೂರು ದಾಟಿದೊಡನೆ ಪೊಲೀಸರು ತಡೆದರು. ಕಾಡುಗಳ್ಳರ ಬೇಟೆ ನಡೆದಿದ್ದ ಆ ವರ್ಷಗಳಲ್ಲಿ ಅಕ್ಕಿ ಒಂದು ಪಡಿ ಹೆಚ್ಚಿದ್ದರೂ ಯಾರಿಗೆಂದು ಕೇಳುತ್ತಿದ್ದ ರಸ್ತೆ ಅದು. ಚೀಲದಿಂದ ಅಂಗಿಯೂ ಅದರ ಹಿಂದೆ ಅಂಟಿಸುವ ಗಿರಿಜಾಮೀಸೆಯೂ ಹೊರಬಂದಾಗ ಪುಟ್ಟಸ್ವಾಮಿ ಟಿ.ವಿ. ನಾಟಕಕ್ಕೆಂದು ಹೇಳಿದ.

ಅಧಿಕಾರಿ ಅಂಗಿಯ ಒಳಮಗ್ಗುಲನ್ನು ತಿರುಗಿಸಿ ನೋಡಿದರು. "ಇದು ನಾಟಕದ ಹೊಲಿಗೆಯಲ್ಲ. ಇಂಥವು ಎಷ್ಟು ಹೊಲಿದಿದ್ದೀಯ?" ಎಂದು ತಮಿಳಿನಲ್ಲಿ ಕೇಳಿದರು.

ಪಕ್ಕದ ಸೀಟಿನಲ್ಲಿದ್ದ ಅವನೂರಿನ ಪುಟ್ಟನಂಜಮ್ಮ ನಡುವೆ ಬಾಯಿ ಹಾಕಿದಳು. "ಅಯ್ಯೋ ಸ್ವಾಮಿ, ಇವ್ನಾ ಕಾಡ್ಗೋಗೋನು? ಇತ್ಲಲ್ಲಿ ಅಂದಿ ಗುಟುರಾಕುದ್ರೆ ಅಟ್ಟ ಅತ್ತೋನು ಕಣಪ್ಪ!"

ಬಸ್ಸು ನಕ್ಕಿತು; ಅಧಿಕಾರಿ ನಗಲಿಲ್ಲ. ಪುಟ್ಟಸ್ವಾಮಿಯನ್ನು ಇಳಿಸಿಕೊಂಡು ಬಸ್ಸನ್ನು ಬಿಟ್ಟರು.

ಅಧಿಕಾರಿ ವಾಹಿನಿಗೆ ಫೋನು ಮಾಡಿದರೆ, "ಅಂಥ ಕಾರ್ಯಕ್ರಮ ನಮ್ಮಲ್ಲಿಲ್ಲ" ಎಂಬ ಉತ್ತರ ಬಂತು. ಐದು ಕಂತು ಮುಗಿದ ಮೇಲೆ, ಮಂಗಳವಾರವೇ ಅದನ್ನು ನಿಲ್ಲಿಸಿದ್ದರು. ಈ ವಿಷಯ ಪುಟ್ಟಸ್ವಾಮಿಗೆ ತಿಳಿದದ್ದು ವಾರದ ನಂತರ. ಆ ಗಳಿಗೆಯಲ್ಲಿ ಅವನನ್ನು ನಟನೆನ್ನಲು ಲೋಕದಲ್ಲಿ ಒಬ್ಬರೂ ಇರಲಿಲ್ಲ.

ಮಧ್ಯಾಹ್ನ ಪಾಳಿ ಬದಲಾಯಿತು. ಸತ್ಯಮಂಗಲದಿಂದ ಬಂದ ಪೇದೆಯೊಬ್ಬ ದಿಟ್ಟಿಸಿದ. "ಸಾರ್, ಇವನು ಟಿ.ವಿ. ಅತ್ತೆಯಲ್ಲವೇ?"

"ಮಾಡಿ ತೋರಿಸು" ಎಂದರು ಅಧಿಕಾರಿ.

ಪುಟ್ಟಸ್ವಾಮಿ ಟವೆಲನ್ನು ತಲೆಗೆ ಹೊದ್ದ. "ಮೂದೇವಿ, ಮುದ್ದೆ ಕಲ್ಲಾಗ್ಬುಟ್ಟದೆ ಕಣೇ! ಉಣ್ಣಕ್ಕ ಮಾಡುದ್ದಾ, ಗಂಡುನ್ ತಲ್ಗೆ ಒಡ್ಯಕ್ಕ ಮಾಡುದ್ದಾ?" ದನಿ ಮೂರು ಕಡೆ ಒಡೆಯಿತು. ಯಾರೂ ನಗಲಿಲ್ಲ.

"ಅದೇ ದನಿ, ಸಾರ್" ಎಂದ ಪೇದೆ.

ಮೂರೂವರೆಗೆ ಬಿಟ್ಟರು. ಅಂಗಿಯನ್ನು ಕೊಡಲಿಲ್ಲ, ಅವನು ಕೇಳಲೂ ಇಲ್ಲ. ಅಷ್ಟರಲ್ಲಿ ಘಟ್ಟ ಹತ್ತಿ ಬಂದ ಬಸ್ಸಿನವರು, ಹಸಿರು ಅಂಗಿಯೊಡನೆ ಅವನನ್ನು ಪೊಲೀಸರು ಹಿಡಿದರೆಂಬ ಅರ್ಧ ಸುದ್ದಿಯನ್ನು ತಾಳವಾಡಿಗೆ ಮುಟ್ಟಿಸಿದ್ದರು. ಉಳಿದರ್ಧವನ್ನು ಊರು ಕೇಳಲೇ ಇಲ್ಲ.

ಸುದ್ದಿ ಮುಟ್ಟಿದ ಮನೆಯ ಬಾಗಿಲು ಸಂಜೆಗೇ ಹಾಕಿತ್ತು. ತಟ್ಟಿದ.

"ಯಾರು?" ಹೆಂಡತಿ ಶಿವನಂಜಮ್ಮನ ದನಿ.

"ನಾನು ಕಣಮ್ಮಿ."

ಅಗುಳಿ ಸರಿಯಲಿಲ್ಲ. "ಜ್ವತೆಗೆ ಯಾರವ್ರೆ?"

ಪುಟ್ಟಸ್ವಾಮಿ ಬೀದಿಯ ಎರಡೂ ತುದಿಗಳನ್ನು ತಿರುಗಿ ನೋಡಿದ. ಆಮೇಲಷ್ಟೇ ಹೇಳಿದ: "ಯಾರೂ ಇಲ್ಲ."