ಉಣುಗೋಲಿನಾಚೆ ನಿಂತವರು

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಎಂದೋ ಕಾಫಿ ಗಿಡ ಸವರುವಾಗ ಕತ್ತಿ ಜಾರಿ ಆದದ್ದಂತೆ. ಆ ಉಗುರಿನಿಂದ ಮರದ ತೊಗಟೆಯನ್ನು ಒಂದಿಷ್ಟು ಕೆರೆದು, ಒಳಗೆ ಹಸಿರಿದೆಯೋ ಕಂದಿದೆಯೋ ಎಂದು ನೋಡಿ, ಮರದ ಆರೋಗ್ಯ ಹೇಳುತ್ತಿದ್ದರು. ನಾನು ಅದೇ ಕೆಲಸಕ್ಕೆ ಮೊಬೈಲಿನಲ್ಲಿ ಆರು ಫೋಟೋ ತೆಗೆದು ಮೂರು ಗುಂಪುಗಳಿಗೆ ಕಳಿಸಿ, ಬಂದ ಒಂಬತ್ತು ಉತ್ತರಗಳಿಂದ ನಿದ್ದೆಗೆಡುತ್ತಿದ್ದೆ.

ಸುಂಟಿಕೊಪ್ಪದಿಂದ ಸ್ವಲ್ಪ ಒಳಗಿರುವ ಮೂರು ಎಕರೆ ತೋಟವನ್ನು ನಮಗೆ ಮಾರಿದವರು ಅವರು; ನೆಂಟರಲ್ಲ, ವಯಸ್ಸಿಗೆ ದೊಡ್ಡಮ್ಮ ಎನ್ನುತ್ತಿದ್ದೆವು. ಕಾಫಿ, ಮೆಣಸು, ರಸ್ತೆಯ ಕಡೆ ಮಟ್ಟಸವಾದ ಜಾಗದಲ್ಲಿ ನಲವತ್ತು ಕಿತ್ತಳೆ ಮರ. ಮೊಣಕಾಲು ಇನ್ನು ಏರು ಹತ್ತಲಾರದು ಅನ್ನಿಸಿದಾಗ ಮಾರಿ, ಪೇಟೆಯಲ್ಲಿ ತಂಗಿಯ ಜೊತೆ ಮನೆ ಮಾಡಿದ್ದರು. ನಾವೋ, ಹಾಸನದಲ್ಲಿ ಇಪ್ಪತ್ತೈದು ವರ್ಷ ಭೂಗೋಳ ಪಾಠ ಹೇಳಿ ಸುಸ್ತಾಗಿದ್ದ ನಾನು, ನನ್ನ ಪಾಠ ಕೇಳಿ ಇನ್ನಷ್ಟು ಸುಸ್ತಾಗಿದ್ದ ನನ್ನ ಹೆಂಡತಿ. ವಿಷ ಹಾಕದೆ, ಉಳುಮೆ ಮಾಡದೆ, ಸತ್ತ ಮಣ್ಣಿಗೆ ಮತ್ತೆ ಜೀವ ಕೊಡುತ್ತೇವೆಂದು ಬಂದಿದ್ದೆವು. ಮಣ್ಣು ಸತ್ತಿದೆಯೇ ಎಂದು ಅವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಮಂಗಳವಾರ ಮಂಗಳವಾರ ಅವರು ಬಸ್ಸಿಳಿದು ಬರುತ್ತಿದ್ದರು. ನಮ್ಮಲ್ಲಿ ಗೇಟಿಲ್ಲ, ಬಿದಿರ ಗಳ ಸರಿಸಿ ದಾಟುವ ಉಣುಗೋಲು. ಆ ಗಳಗಳನ್ನು ಹಾಕಿಸಿದವರೇ ಅವರಾದರೂ, ಆಚೆಯೇ ನಿಂತು ಕೂಗುತ್ತಿದ್ದರು: "ಮೇಷ್ಟ್ರೇ, ಬರ್ಲಾ?"

"ಇದೇನು ದೊಡ್ಡಮ್ಮ, ನಿಮ್ಮದೇ ತೋಟ, ಬನ್ನಿ" ಎಂದು ನನ್ನ ಹೆಂಡತಿ ಓಡುತ್ತಿದ್ದಳು.

"ಹಂಗನ್ಬೇಡಿ. ಮಾರಿದ್ಮೇಲೆ ನಿಮ್ದು. ಕರೆದ್ರೆ ಬರ್ತೀನಿ, ಕೊಟ್ರೆ ಕಾಫಿ ಕುಡೀತೀನಿ, ಬಾಯಿ ಮಾತ್ರ ಹಾಕಕಿಲ್ಲ."

ಹಾಗೇ ನಡೆದುಕೊಂಡರು ಕೂಡ. ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ, ತೋಟಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದರು. ಕಣ್ಣಿಗೆ ಬಿಸಿಲು ಹೊಡೆಯುತ್ತದೇನೋ ಎಂದುಕೊಂಡು ನಾನೊಂದು ತಟ್ಟಿ ಕಟ್ಟಿಸಿದೆ. ನಾನು ಇಂಥ ವಿಷಯಗಳಲ್ಲಿ ಚುರುಕು.

ಮೊದಲ ವರ್ಷದ ಮೇ ತಿಂಗಳಲ್ಲಿ ಕಿತ್ತಳೆ ಮರಗಳ ಬುಡಕ್ಕೆ ಹೊದಿಕೆ ಹಾಕಿದೆವು. ಕಾಫಿಯ ನೆರಳು ಮರಗಳಿಂದ ಉದುರಿದ ಎಲೆ, ಸವರಿದ ಕೊಂಬೆ, ಹಸಿ ಸಗಣಿ. ಗಂಡ ಹೆಂಡತಿ ಮೂರು ವಾರ ಹೊತ್ತು ತಂದು, ಪ್ರತಿ ಮರದ ಕಾಂಡಕ್ಕೆ ಒತ್ತಿ ಮೊಣಕಾಲೆತ್ತರ ರಾಶಿ ಮಾಡಿದೆವು. ವಿಡಿಯೋದಲ್ಲಿ ಹಾಗೇ ಇತ್ತು. ಅದು ವರ್ಷಕ್ಕೆ ನಾಲ್ಕು ಹನಿ ಬೀಳುವ ಯಾವುದೋ ಸೀಮೆಯ ವಿಡಿಯೋ ಎಂಬುದು ಭೂಗೋಳದ ಮೇಷ್ಟ್ರಿಗೆ ಹೊಳೆಯಲಿಲ್ಲ.

ಆ ಮಂಗಳವಾರ ಅವರನ್ನು ನಾನೇ ಕರೆದೊಯ್ದು ತೋರಿಸಿದೆ. "ಹೇಗಿದೆ ದೊಡ್ಡಮ್ಮ?"

ಅವರು ಬಹಳ ಹೊತ್ತು ನೋಡಿದರು. "ಬಾಳ ಕಷ್ಟಪಟ್ಟಿದೀರ, ಮೇಷ್ಟ್ರೇ" ಅಂದರು. ನಾನದನ್ನು ಹೊಗಳಿಕೆಯೆಂದುಕೊಂಡು ರಾತ್ರಿ ಎರಡು ಚಪಾತಿ ಹೆಚ್ಚು ತಿಂದೆ.

ಮಳೆ ಹಿಡಿಯಿತು. ಜುಲೈ ನಡುವಿಗೆ ಕೆಲವು ಮರಗಳ ಎಲೆ ಹಳದಿಯಾದವು. ಪೋಷಕಾಂಶದ ಕೊರತೆಯೆಂದು ತೀರ್ಮಾನಿಸಿ ನಾವು ಇನ್ನೊಂದು ಪದರ ಸಗಣಿ ಸೊಪ್ಪು ಪೇರಿಸಿದೆವು.

ಒಂದು ಬೆಳಿಗ್ಗೆ, ಮಂಗಳವಾರವೂ ಅಲ್ಲ, ಕೂಗಿದ ಸದ್ದೂ ಇಲ್ಲ, ನೋಡಿದರೆ ಉಣುಗೋಲಿನ ಗಳ ಕೆಳಗೆ ಬಿದ್ದಿದೆ. ದೊಡ್ಡಮ್ಮ ಮಳೆಯಲ್ಲಿ ಕೊಡೆ ಬಿಸಾಡಿ, ಬಗ್ಗದ ಮೊಣಕಾಲನ್ನು ಪಕ್ಕಕ್ಕೆ ಚಾಚಿ ಕೆಸರಲ್ಲಿ ಕುಳಿತು, ಎರಡೂ ಕೈಯಲ್ಲಿ ಎಲೆರಾಶಿ ತೋಡಿ ತೋಡಿ ಎಸೆಯುತ್ತಿದ್ದಾರೆ. ಕೈಗೆ ಜಿಗಣೆ ಕಚ್ಚಿದ್ದೂ ಅರಿವಿಲ್ಲ. ಉಗುರಿನಿಂದ ಬುಡವನ್ನು ಕೆರೆದರು. ತೊಗಟೆ ನೆನೆದ ರಟ್ಟಿನ ಹಾಗೆ ಕಳಚಿ ಬಂತು. ಒಳಗೆಲ್ಲ ಕಂದು, ಹುಳಿ ವಾಸನೆ.

"ಕೊಂದ್‌ಬಿಟ್ರಲ್ರೀ ನನ್ ಮರಗಳ್ನ!"

ಹಾಗೆ ಕೂಗಿದ್ದೇ ತಡ, ಕೆಸರುಗೈಯಿಂದಲೇ ಬಾಯಿ ಮುಚ್ಚಿಕೊಂಡರು. "ನಿಮ್ಮವು... ನಿಮ್ ಮರ. ತಪ್ಪಾಯ್ತು ಮೇಷ್ಟ್ರೇ. ಮೇ ತಿಂಗಳಲ್ಲೇ ಹೇಳ್ಬೇಕಿತ್ತು. ಬಾಯಿ ಹಾಕಕಿಲ್ಲ ಅಂತ ಜಂಬ ಮಾಡಿ ಸುಮ್ನಿದ್ದೆ."

ಮರ ಕೊಂದವನು ನಾನು, ಕ್ಷಮೆ ಕೇಳುತ್ತಿದ್ದವರು ಅವರು. ಅಂಥ ಬೆಳಗು ಯಾರಿಗೂ ಬೇಡ.

ನನ್ನ ಹೆಂಡತಿ ಪಕ್ಕದ ಮರದ ಬುಡದಲ್ಲಿ ಕುಳಿತು ತೋಡತೊಡಗಿದಳು. ನಾಲ್ಕು ದಿನ ಮೂವರೂ ಅದೇ ಕೆಲಸ. ಕಾಂಡದ ಸುತ್ತ ಒಂದು ಮೊಳ ಬರಿದು ಮಾಡಿ, ಕೊಳೆತ ತೊಗಟೆ ಹೆರೆದು, ಸುಣ್ಣ ಮೈಲುತುತ್ತ ಕಲಸಿ ಬಳಿಯಬೇಕು ಅಂದರು. ಮೈಲುತುತ್ತ ಎಂದಾಗ ನಾನು, "ಅದು ರಾಸಾಯನಿಕ ಅಲ್ವಾ..." ಎಂದು ರಾಗ ತೆಗೆದೆ.

"ಹೂಂ, ನೀವು ದಿನಾ ನುಂಗೋ ಬೀಪಿ ಮಾತ್ರೆ ಗದ್ದೇಲಿ ಬೆಳೀತದೆ. ಬಳೀರಿ ಸುಮ್ನೆ!"

ಒಂಬತ್ತು ಮರ ಹೋದವು. ಮೂವತ್ತೊಂದು ಉಳಿದವು. ಅಲ್ಲಿಂದ ಮುಂದೆ ಅವರು ಬಾಯಿ ಹಾಕದ ವಿಷಯವೇ ಇರಲಿಲ್ಲ. ನೆರಳು ಜಾಸ್ತಿಯಾಯಿತು, ಬಳ್ಳಿ ಸರಿಯಾಗಿ ಕಟ್ಟಿಲ್ಲ, ಚರಂಡಿ ನನ್ನ ಅಕ್ಷರದ ಹಾಗೆ ಸೊಟ್ಟಗಿದೆ. "ಎಲೆ ಮಣ್ಣಿಗೆ ಹಾಕಿ, ಮರಕ್ಕಲ್ಲ" ಎಂದು ಕನಿಷ್ಠ ನೂರು ಸಲ ಹೇಳಿದರು. ಕುರ್ಚಿಯನ್ನೂ ತೋಟದ ಕಡೆಗೇ ತಿರುಗಿಸಿ ಹಾಕಿಕೊಂಡರು. ಬೈಸಿಕೊಂಡ ದಿನಗಳಲ್ಲಿ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಎರಡು ವರ್ಷದ ನಂತರ, ಮುಂಗಾರಿನ ಮೊದಲ ವಾರ, ಮಂಗಳವಾರ ಅವರು ಬರಲಿಲ್ಲ. ತಂಗಿ ಫೋನ್ ಮಾಡಿ, ಎದೆಯಲ್ಲಿ ಕಫ ಕಟ್ಟಿದೆ, ಆಸ್ಪತ್ರೆ ಬೇಡವೆಂದು ಹಟ ಹಿಡಿದಿದ್ದಾರೆ ಎಂದರು. ಹೋದೆವು. ಮಂಚದಲ್ಲಿ ಚಿಕ್ಕದಾಗಿ ಕಂಡರು.

"ಮರ ಹೆಂಗವೆ?"

ಸಣ್ಣದನ್ನೂ ದೊಡ್ಡದು ಮಾಡಿ ಹೇಳುವ ನಾನು ಅವತ್ತೊಂದು ದಿನ ಧೈರ್ಯ ಮಾಡಿ ಸುಳ್ಳು ಹೇಳಿದೆ. "ಎಲ್ಲಾ ಚೆನ್ನಾಗಿವೆ ದೊಡ್ಡಮ್ಮ."

ಅವರು ನನ್ನ ಮುಖವನ್ನೇ ನೋಡಿದರು. "ಯಾವ್ದು ಹಳದಿ ಆಗಿರೋದು?"

ನನ್ನ ಹೆಂಡತಿ ತಲೆತಗ್ಗಿಸಿ ಹೇಳಿದಳು: "ಬಾವಿ ಪಕ್ಕದ್ದು. ಕಾಯಿ ಮಾತ್ರ ಮೈತುಂಬಾ ಕಚ್ಚಿದೆ."

"ಸಾಯೋ ಮರಾನೇ ಹಂಗೆ ಕಚ್ಚೋದು." ಉಸಿರು ತೆಗೆದುಕೊಂಡರು. "ಕಾಯೆಲ್ಲಾ ಕಿತ್ತಾಕಿ, ಮಗಾ. ಒಂದೂ ಬಿಡ್ಬೇಡಿ. ಸುಸ್ತಾಗದೆ ಅದ್ಕೆ. ಈ ವರ್ಷ ಹೊರೋದು ಬ್ಯಾಡ."

ಮೂರನೆಯ ದಿನ ಅವರು ಹೋದರು. ಮಣ್ಣು ಮಾಡಿ ಬಂದು, ಸ್ನಾನವಾದ ಮೇಲೆ ಒಳಗೆ ಕೂರಲಾಗದೆ ನಾವಿಬ್ಬರೂ ಏಣಿ ಹೊತ್ತು ಬಾವಿಯ ಹತ್ತಿರ ಹೋದೆವು. ಗೋಲಿ ಗಾತ್ರದ ಹಸಿರು ಕಾಯಿಗಳು. ಏಣಿಯ ಮೇಲೆ ನಾನು, ಕೆಳಗಿನ ಕೊಂಬೆಗಳಿಗೆ ಅವಳು. ಕಿತ್ತದ್ದನ್ನೆಲ್ಲ ಮಂಕರಿಗೆ ಹಾಕುತ್ತ ಹೋದೆವು. ತುದಿಯಲ್ಲಿ ಒಂದೆರಡನ್ನು ಉಳಿಸಲೇ ಎಂದು ಕೈ ತಡೆಯಿತು. "ಒಂದೂ ಬಿಡ್ಬೇಡಿ ಅಂದಿದ್ದಾರೆ" ಎಂದಳು ಕೆಳಗಿನಿಂದ. ಅವನ್ನೂ ಕಿತ್ತೆ.

ಆ ವರ್ಷ ಆ ಮರ ಏನೂ ಹೊರಲಿಲ್ಲ. ಈಗ ಚಿಗುರುತ್ತಿದೆ.