ಟಾರ್ಪಾಲು ತೆಗೆದ ಲಾರಿಗಳು

ಈಗ ಶಿವಮೊಗ್ಗದಲ್ಲಿ ನರ್ಸಿಂಗ್ ಕಲಿಸುವ, ಭದ್ರಾವತಿಯ ಜನ್ನಾಪುರದ ಸುಮನಾ, ಇಪ್ಪತ್ತು ವರ್ಷ ಸೇನೆಯಲ್ಲಿ ನರ್ಸ್ ಆಗಿದ್ದವರು. ಅದರಲ್ಲಿ ಒಂದು ವರ್ಷ ಆಫ್ರಿಕಾದ ಎರಡು ದೇಶಗಳ ಗಡಿಯಲ್ಲಿ, ಶಾಂತಿಪಡೆಯ ಆಸ್ಪತ್ರೆಯಲ್ಲಿ ಕಳೆದರು.

ಆ ವರ್ಷ ಗಡಿಯ ಈಚೆ ದಡಾರ ಹಬ್ಬಿತ್ತು. ಲಸಿಕೆ ಆಚೆಯ ದೇಶದಿಂದ ಲಾರಿಗಳಲ್ಲಿ ಬರಬೇಕಿತ್ತು. ಈಚೆಯ ಸರ್ಕಾರ ಮಾತ್ರ ಗಡಿಯ ಗೇಟು ತೆರೆಯಲಿಲ್ಲ. ಮೂರು ಸುತ್ತಿನ ಮಾತುಕತೆ ಮುರಿದುಬಿದ್ದು, ಅವಮಾನವಾಯಿತೆಂದು ಆಚೆಯವರು ತಮ್ಮ ರಾಯಭಾರಿಯನ್ನೇ ವಾಪಸ್ ಕರೆಸಿಕೊಂಡರು.

ಪಡೆಯ ಮುಖ್ಯಸ್ಥರಿಗೆ ಇದು ಬರೀ ಹಟವಾಗಿ ಕಂಡಿತು. ಸುಮನಾಗೆ ಹಾಗನ್ನಿಸಲಿಲ್ಲ. ವಾರ್ಡಿನ ಹೊರಗೆ ಮುಚ್ಚಿದ ಲಾರಿ ನಿಂತರೆ ಸಾಕು, ವಯಸ್ಸಾದ ಹೆಂಗಸರು ಮೊಮ್ಮಕ್ಕಳನ್ನು ಎಳೆದುಕೊಂಡು ಮಂಚದ ಕೆಳಗೆ ಸೇರುತ್ತಿದ್ದರು. ದುಭಾಷಿಯ ಮೂಲಕ ವಿಚಾರಿಸಿದಾಗ ತಿಳಿಯಿತು: ಮೂವತ್ತು ವರ್ಷದ ಹಿಂದೆ ಗಡಿಯಾಚೆಯಿಂದ ಕೊಲೆಗಡುಕರು ಬಂದದ್ದು ಟಾರ್ಪಾಲು ಹೊದಿಸಿದ ಲಾರಿಗಳಲ್ಲಿ. ಗೇಟು ತೆರೆಸುವ ಯಾವ ಮಂತ್ರಿಗೂ ಆ ಸೀಮೆಯಲ್ಲಿ ಒಂದು ಓಟೂ ಬೀಳುವಂತಿರಲಿಲ್ಲ.

ಸುಮನಾಗೆ ಊರಲ್ಲಿ ಪಕ್ಕದ ಮನೆಯಲ್ಲಿದ್ದ ವೀರಮ್ಮ ನೆನಪಾದರು. ತಮಿಳು ಮನೆಮಾತಿನ ಹೆಂಗಸು, ಗಂಡ ಭದ್ರಾವತಿಯ ಕಾರ್ಖಾನೆಯಲ್ಲಿದ್ದ. ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನ ತಂಗಿಯ ಮನೆಗೆ ಬೆಂಕಿ ಬಿದ್ದ ಮೇಲೆ, ಕಾವೇರಿಯ ಸುದ್ದಿ ಬಂದಾಗಲೆಲ್ಲ ವೀರಮ್ಮ ಬಟ್ಟೆಯ ಗಂಟು ಕಟ್ಟಿಡುತ್ತಿದ್ದರು. ಸುಮನಾರ ತಾಯಿ ನಂಜಮ್ಮ ಬುದ್ಧಿ ಹೇಳಲು ಹೋಗಲಿಲ್ಲ.

"ಗಂಟು ನಮ್ಮನೇಲಿರ್ಲಿ ಮಾರಾಯ್ತಿ, ನೀನೂ ಇಲ್ಲೇ ಇರು," ಎಂದಿದ್ದರು ಅಷ್ಟೆ.

ಸುಮನಾ ನೇರ ಮುಖ್ಯಸ್ಥರ ಬಳಿ ಹೋದರು. ಲಾರಿಗಳ ಟಾರ್ಪಾಲು ತೆಗೆಸಿ, ಹಾಡುಹಗಲಲ್ಲೇ ಬರಲಿ, ಲಸಿಕೆಯ ತಂಪು ಪೆಟ್ಟಿಗೆಗಳು ದಾರಿಯುದ್ದಕ್ಕೂ ಕಾಣಲಿ, ಗೇಟಿನಲ್ಲಿ ಆ ಅಜ್ಜಿಯಂದಿರೇ ಮೊದಲು ಹತ್ತಿ ನೋಡಲಿ ಎಂದರು. ಇದು ಎರಡು ಸರ್ಕಾರಗಳ ಜಗಳ, ಟಾರ್ಪಾಲಿನದಲ್ಲ ಎಂದು ಮುಖ್ಯಸ್ಥರು ನಕ್ಕರು.

"ಸರ್ಕಾರ ನಡೆಸ್ತಿರೋರೂ ಆವತ್ತು ಆ ಲಾರಿ ನೋಡಿದ ಮಕ್ಕಳೇ ಸರ್," ಎಂದರು ಸುಮನಾ.

ಮುಖ್ಯಸ್ಥರು ನಗು ನಿಲ್ಲಿಸಿದರು. ಸಲಹೆ ಎರಡೂ ರಾಜಧಾನಿಗಳಿಗೆ ಹೋಯಿತು. ಹನ್ನೊಂದನೇ ದಿನ ಆರು ಲಾರಿಗಳು ತೆರೆದುಕೊಂಡೇ ಬಂದವು. ಒಬ್ಬ ಅಜ್ಜಿ ಹತ್ತಿ ಪೆಟ್ಟಿಗೆಗಳನ್ನೆಲ್ಲ ತಟ್ಟಿ ನೋಡಿದಳು. ಕೆಳಗಿಳಿದು ಡ್ರೈವರನ ಹೆಸರು, ಊರು, ತಂದೆಯ ಹೆಸರು ಕೇಳಿದಳು. ಅವನು ಕೈಕಟ್ಟಿ ನಿಂತು ಒಂದೊಂದಕ್ಕೂ ಉತ್ತರ ಕೊಟ್ಟ. ಆಮೇಲೆ ಅವಳೇ ಗೇಟಿನವರಿಗೆ ಕೈಬೀಸಿದಳು.

ರಾಯಭಾರಿ ಮರಳಲು ಇನ್ನೂ ಎರಡು ವರ್ಷ ಹಿಡಿಯಿತು. ಲಸಿಕೆ ಹಾಕುವುದು ಮಾತ್ರ ಅಂದು ಮಧ್ಯಾಹ್ನವೇ ಶುರುವಾಯಿತು.